ಆಟಗಾರನ ಬಟ್ಟಲು ಮೊದಲು ತುಂಬಲಿ, ಮಾತ್ರೆಯ ಮಾತು ಆಮೇಲೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಬದಿಯಡ್ಕದ ಸಮೀಪ ನಡೆದ ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟವನ್ನು ನೋಡಲು ಹೋಗಿದ್ದೆ. ಆಟ ಚೆನ್ನಾಗಿತ್ತು, ಶಿಸ್ತೂ ಇತ್ತು. ಬಹುಮಾನ ವಿತರಣೆಯ ಹೊತ್ತಿಗೆ ಗೆದ್ದ ತಂಡದ ಹುಡುಗರಿಗೆ ಟ್ರೋಫಿ ಮತ್ತು ನಗದಿನ ಜೊತೆಗೆ ತಲಾ ಒಂದು ಮಲ್ಟಿವಿಟಮಿನ್ ಮಾತ್ರೆಗಳ ಡಬ್ಬಿಯನ್ನೂ ಕೊಡಲಾಯಿತು. ನಮ್ಮ ಮಕ್ಕಳಿಗೆ ಇನ್ನಷ್ಟು ಶಕ್ತಿ ಬರಲಿ ಎಂದು ಮೈಕಿನಲ್ಲಿ ಹಾರೈಸಿದವರ ಮಾತಿನಲ್ಲಿ ನಿಜವಾದ ಪ್ರೀತಿ ಇತ್ತು. ಅದಾಗಿ ಅರ್ಧ ಗಂಟೆಯ ಬಳಿಕ, ರಾತ್ರಿ ಹನ್ನೊಂದೂವರೆಗೆ, ಅದೇ ಹುಡುಗರು ಪೇಟೆಯ ಹೋಟೆಲಿನಲ್ಲಿ ಮೈದಾದ ಪೊರೋಟ, ಒಂದಿಷ್ಟು ಸಾರು ಮತ್ತು ಬಣ್ಣದ ಸೋಡಾ ಮುಂದಿಟ್ಟುಕೊಂಡು ಕುಳಿತಿದ್ದರು. ಬೆಳಗ್ಗಿನಿಂದ ಏನು ತಿಂದಿದ್ದೀರಿ ಎಂದು ವಿಚಾರಿಸಿದೆ. ಇಬ್ಬರು ಚಹಾ ಮತ್ತು ಬನ್ ಎಂದರು. ಒಬ್ಬನು ಪಂದ್ಯವಿದ್ದುದರಿಂದ ಮಧ್ಯಾಹ್ನ ಉಣ್ಣಲೇ ಇಲ್ಲ ಎಂದನು. ಆ ಡಬ್ಬಿ ಮತ್ತು ಆ ಊಟ, ಇವೆರಡೂ ಒಂದೇ ರಾತ್ರಿ ಒಂದೇ ಕೈಗೆ ಬಂದುದನ್ನು ಕಂಡು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಈ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಣವನ್ನು ಕಲಿಸಿ ನಿವೃತ್ತನಾದವನು. ಉಪಜಿಲ್ಲಾ ಕ್ರೀಡಾಕೂಟಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಹಳದಿ ಬಣ್ಣದ ವಿಟಮಿನ್ ಮಾತ್ರೆಯನ್ನು ಕೈಯಾರೆ ಹಂಚಿದವರಲ್ಲಿ ನಾನೂ ಒಬ್ಬ. ಮಾತ್ರೆ ನುಂಗಿದ ಮಗು ಆ ದಿನ ಚೆನ್ನಾಗಿ ಓಡೀತು ಎಂಬ ನಂಬಿಕೆಯಿಂದಲೇ ಹಾಗೆ ಮಾಡಿದೆ. ಅದು ತಪ್ಪು ತಿಳಿವಳಿಕೆ ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಇಂದಿನ ಕ್ಲಬ್ಬುಗಳ ಹಿರಿಯರಿಗೆ, ಜಿಮ್ಮಿನ ತರಬೇತುದಾರರಿಗೆ ಮತ್ತು ಹೆತ್ತವರಿಗೆ ಅದು ಸ್ವಲ್ಪ ಮೊದಲೇ ಗೊತ್ತಾಗಲಿ ಎಂಬುದು ನನ್ನ ಆಸೆ.

ವಿಟಮಿನ್ ಶಕ್ತಿ ಕೊಡುವ ವಸ್ತುವಲ್ಲ. ದೇಹಕ್ಕೆ ಬೇಕಾದ ಕ್ಯಾಲರಿ ಬರುವುದು ಅನ್ನ, ರೊಟ್ಟಿ, ಗೆಣಸುಗಳ ಪಿಷ್ಟದಿಂದ, ಎಣ್ಣೆ ತೆಂಗಿನಕಾಯಿಗಳ ಕೊಬ್ಬಿನಿಂದ, ಬೇಳೆ, ಮೀನು, ಮೊಟ್ಟೆಗಳ ಪ್ರೋಟೀನಿನಿಂದ. ವಿಟಮಿನ್‌ಗಳು ಈ ಆಹಾರವು ದೇಹದೊಳಗೆ ಶಕ್ತಿಯಾಗಿ ಬಿಡುಗಡೆಯಾಗುವ ಕೆಲಸಕ್ಕೆ ನೆರವಾಗುವವು. ಒಲೆಯಲ್ಲಿ ಕಟ್ಟಿಗೆಯೇ ಇಲ್ಲದಾಗ ಊದುಕೊಳವೆಯಿಂದ ಎಷ್ಟು ಊದಿದರೂ ಬೂದಿ ಹಾರುತ್ತದೆಯೇ ಹೊರತು ಬೆಂಕಿ ಏಳುವುದಿಲ್ಲ. ಹಾಗೆಯೇ ಕಟ್ಟಿಗೆ ತುಂಬಾ ಇದ್ದು ಊದುವವರೇ ಇಲ್ಲದಿದ್ದರೆ ಮನೆ ತುಂಬ ಹೊಗೆ. ಬಿ1 ಅಂದರೆ ಥಯಾಮಿನ್ ಇಲ್ಲದೆ ಅನ್ನದ ಸಕ್ಕರೆ ಸ್ನಾಯುವಿನೊಳಗೆ ಪೂರ್ತಿಯಾಗಿ ಉರಿಯುವುದಿಲ್ಲ. ಅದೇ ಬಿ ಗುಂಪಿನ ರೈಬೋಫ್ಲಾವಿನ್ ಮತ್ತು ನಿಯಾಸಿನ್ ಅದೇ ಕೆಲಸದ ಮುಂದಿನ ಹಂತಗಳಲ್ಲಿ ಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಓಟದ ನಡುವೆ ಬಿಡಿಸಿಕೊಳ್ಳುವುದಕ್ಕೆ ಬಿ6 ಬೇಕು. ಫೋಲೇಟ್ ಮತ್ತು ಬಿ12 ಕೆಂಪು ರಕ್ತಕಣಗಳನ್ನು ಕಟ್ಟಲು, ಸಿ ವಿಟಮಿನ್ ಸ್ನಾಯುರಜ್ಜು ಮತ್ತು ಎಲುಬಿನ ಆಧಾರವಾದ ಕೊಲ್ಯಾಜನ್ ಎಂಬ ಪ್ರೋಟೀನನ್ನು ಹೆಣೆಯಲು, ಡಿ ವಿಟಮಿನ್ ತಿಂದ ಕ್ಯಾಲ್ಸಿಯಂ ಕರುಳಿನಿಂದ ಒಳಗೆ ಸೇರಲು ಬೇಕು. ಇವುಗಳ ಕೊರತೆ ಇದ್ದವನು ದಣಿಯುತ್ತಾನೆ ಎಂಬುದು ನಿಜ. ಆದರೆ ಕೊರತೆ ಇಲ್ಲದವನಿಗೆ ಇನ್ನಷ್ಟು ಕೊಟ್ಟರೆ ಅವನು ಇನ್ನಷ್ಟು ವೇಗವಾಗಿ ಓಡುತ್ತಾನೆ ಎಂಬುದು ನಿಜವಲ್ಲ. ನಮ್ಮ ಎಲ್ಲ ಗೊಂದಲವೂ ಈ ಎರಡು ವಾಕ್ಯಗಳನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟಿದೆ.

ಹಾಗಾದರೆ ಹೆಚ್ಚು ದುಡಿಯುವವನಿಗೆ ಹೆಚ್ಚು ವಿಟಮಿನ್ ಬೇಡವೇ ಎಂದು ಕೇಳಬಹುದು. ಕೆಲವು ವಿಟಮಿನ್‌ಗಳು ಖಂಡಿತವಾಗಿಯೂ ಹೆಚ್ಚು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸುಗಳ ಪ್ರಕಾರ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕಿಲೋ ಕ್ಯಾಲರಿ ಸಾಕಾದರೆ, ಭಾರವಾದ ದುಡಿಮೆ ಮಾಡುವವನಿಗೆ 3,470 ಬೇಕು. ಥಯಾಮಿನ್ ಅಗತ್ಯ 1.4 ಮಿಲಿಗ್ರಾಂನಿಂದ 2.3ಕ್ಕೆ, ರೈಬೋಫ್ಲಾವಿನ್ 2.0ರಿಂದ 3.2ಕ್ಕೆ, ನಿಯಾಸಿನ್ 14ರಿಂದ 23ಕ್ಕೆ ಏರುತ್ತದೆ. ಈ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಭಾಗಿಸಿ ನೋಡಿದರೆ ಒಂದು ಸರಳ ಸಂಗತಿ ಹೊಳೆಯುತ್ತದೆ: ಕ್ಯಾಲರಿ ಎಷ್ಟು ಪಾಲು ಹೆಚ್ಚಾಗಿದೆಯೋ ಈ ವಿಟಮಿನ್‌ಗಳೂ ಹೆಚ್ಚುಕಡಿಮೆ ಅಷ್ಟೇ ಪಾಲು, ಒಂದೂಮುಕ್ಕಾಲಿಗೆ ಸ್ವಲ್ಪ ಕಡಿಮೆ, ಹೆಚ್ಚಾಗಿವೆ. ಅಂದರೆ ಹಸಿವಿಗೆ ತಕ್ಕಂತೆ ಹೆಚ್ಚು ಉಣ್ಣುವ ದುಡಿಮೆಗಾರನ ಅನ್ನದಲ್ಲಿ, ಬೇಳೆಯಲ್ಲಿ ಈ ವಿಟಮಿನ್‌ಗಳು ಕೆಡದೆ ಉಳಿದಿದ್ದರೆ ಅವನ ಹೆಚ್ಚುವರಿ ಅಗತ್ಯವೂ ಅದೇ ಬಟ್ಟಲಿನಿಂದ ಪೂರೈಕೆಯಾಗುತ್ತದೆ. ಅನ್ನ ಹೆಚ್ಚಾಗಿ, ಅದರ ಜೊತೆಗಿರಬೇಕಾದ ವಿಟಮಿನ್ ಇಲ್ಲವಾದಾಗ ಮಾತ್ರ ತೊಂದರೆ. ಗಂಡಸಿಗೆ 80, ಹೆಂಗಸಿಗೆ 65 ಮಿಲಿಗ್ರಾಂ ಎಂದಿರುವ ಸಿ ವಿಟಮಿನ್ ಮತ್ತು 600 ಯೂನಿಟ್ ಎಂದಿರುವ ಡಿ ವಿಟಮಿನ್‌ಗಳ ಅಂಕೆಯನ್ನು ಆ ಪಟ್ಟಿಯಲ್ಲಿ ದುಡಿಮೆಗೆ ತಕ್ಕಂತೆ ಏರಿಸಿಲ್ಲ ಎಂಬುದನ್ನೂ ಗಮನಿಸಬೇಕು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಭಾರವಾದ ದುಡಿಮೆ ಎಂದ ಕೂಡಲೇ ನಮಗೆ ಜೆರ್ಸಿ ತೊಟ್ಟ ಆಟಗಾರನ ಚಿತ್ರ ಬರುತ್ತದೆ. ಸಂಜೆ ಒಂದೂವರೆ ಗಂಟೆ ಅಭ್ಯಾಸ ಮಾಡಿ ಉಳಿದ ಹೊತ್ತು ತರಗತಿಯಲ್ಲಿ ಕೂರುವ ವಿದ್ಯಾರ್ಥಿ ಆ ಗುಂಪಿಗೆ ಸೇರುವುದು ಕಷ್ಟ. ಕಾಲಿಗೆ ತಳೆ ಹಾಕಿ ದಿನಕ್ಕೆ ಹತ್ತಾರು ಅಡಿಕೆ ಮರಗಳನ್ನು ಏರಿ ಗೊನೆ ಇಳಿಸುವವನು, ಮಳೆಗಾಲಕ್ಕೆ ಮುನ್ನ ಅದೇ ಮರದ ತುದಿಯಲ್ಲಿ ನೇತಾಡಿ ಮದ್ದು ಬಿಡುವವನು, ಕೆಂಪು ಕಲ್ಲಿನ ಕೋರೆಯಲ್ಲಿ ದುಡಿಯುವವನು, ಕುಂಬಳೆ ಮಂಜೇಶ್ವರದ ಕಡಲಿನಲ್ಲಿ ಬಲೆ ಎಳೆಯುವವನು ಮೊದಲಾಗಿ ಆ ಗುಂಪಿನವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನಾಡಿನಲ್ಲಿ ಭಾರದ ವೇಷ ಕಟ್ಟಿ ರಾತ್ರಿ ಕುಣಿಯುವ ಯಕ್ಷಗಾನ ಕಲಾವಿದನನ್ನೂ ಮರೆಯಬಾರದು. ಇವರಿಗೆ ಯಾರೂ ಡಬ್ಬಿಯನ್ನು ಬಹುಮಾನ ಕೊಡುವುದಿಲ್ಲ, ಇವರ ಊಟ ಹೇಗಿದೆ ಎಂದು ಯಾರೂ ಕೇಳುವುದೂ ಇಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ನಿದ್ದೆ ತಡೆಯಲು ಚಹಾದ ಮೇಲೆ ಚಹಾ ಕುಡಿದು, ಹಗಲು ಮಲಗಿ, ಎರಡು ಹೊತ್ತಿನ ಊಟವನ್ನು ಒಂದಾಗಿಸುವ ಕಲಾವಿದರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಈ ಪತ್ರ ಅವರ ಕುರಿತೂ ಹೌದು.

ಈಗ ಅನ್ನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮಲ್ಲಿ ಎಲ್ಲವೂ ಅಲ್ಲಿಂದಲೇ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ಮಾತ್ರ ತಿಂದ ಕೋಳಿಗಳ ಕಾಲುಗಳು ಸೋತು ಬೀಳುವುದನ್ನೂ, ತೌಡು ಉಳಿದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಥಯಾಮಿನ್ ಕೊರತೆಯಿಂದ ಮನುಷ್ಯರಿಗೆ ಬರುತ್ತಿದ್ದ, ನರಗಳನ್ನು ಸೋಲಿಸುವ ಬೆರಿಬೆರಿ ರೋಗದ ಗುಟ್ಟು ಬಿಚ್ಚಿಕೊಂಡದ್ದು ಅಲ್ಲಿಂದ; ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ವಿಟಮಿನ್ ಎಂಬ ಹೆಸರನ್ನು ಕ್ಯಾಸಿಮಿರ್ ಫಂಕ್ 1912ರಲ್ಲಿ ಬಳಕೆಗೆ ತಂದರು. ಇದು ನಮಗೆ ದೂರದ ಕತೆಯೂ ಅಲ್ಲ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಆರಂಭಿಸಿದ ಬೆರಿಬೆರಿ ವಿಚಾರಣಾ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಮೇಲೆ ಹೇಳಿದ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ನಮ್ಮ ಕುಚ್ಚಲಕ್ಕಿಯ ಬೆಲೆ ಅರಿವಾಗುವುದು ಈ ಹಿನ್ನೆಲೆಯಲ್ಲಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುವಾಗ ತೌಡಿನ ಪದರದಲ್ಲಿದ್ದ ಥಯಾಮಿನ್‌ನ ಒಂದು ಪಾಲು ಕಾಳಿನ ಒಳಕ್ಕೆ ಇಳಿದಿರುತ್ತದೆ. ಮತ್ತೆ ತೌಡು ತೆಗೆದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಭತ್ತವನ್ನು ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ಅದರ ಬಹುಪಾಲು ತೌಡಿನ ಜೊತೆಗೇ ಹೋಗುತ್ತದೆ. ಅಕ್ಕಿಯನ್ನೇ ನೆಚ್ಚಿದ ನಾಡುಗಳಲ್ಲಿ ಕುಚ್ಚಲಕ್ಕಿ ಉಣ್ಣುವವರನ್ನು ಬೆರಿಬೆರಿ ಅಷ್ಟಾಗಿ ಕಾಡದಿರಲು ಇದೇ ಕಾರಣ. ಇನ್ನೂ ಒಂದು ವಿಚಾರವಿದೆ: ಥಯಾಮಿನ್ ನೀರಿನಲ್ಲಿ ಕರಗುತ್ತದೆ. ಅಕ್ಕಿಯನ್ನು ನಾಲ್ಕು ಸಲ ಉಜ್ಜಿ ತೊಳೆದು, ಬೇಯಿಸಿದ ನೀರನ್ನು ಬಸಿದು ಚೆಲ್ಲಿದಾಗ ಅದೂ ಚೆಲ್ಲಿಹೋಗುತ್ತದೆ. ಗಂಜಿಯನ್ನು ತೆಳಿಯ, ಅಂದರೆ ಬೇಯಿಸಿದ ನೀರಿನ, ಸಮೇತ ಉಣ್ಣುತ್ತಿದ್ದ ನಮ್ಮ ಅಜ್ಜಂದಿರು ಇದನ್ನು ಓದಿ ತಿಳಿದವರಲ್ಲ. ಗದ್ದೆಯ ಕೆಲಸಕ್ಕೆ ಅದು ತಾಳುತ್ತದೆ ಎಂದು ಅನುಭವದಿಂದ ತಿಳಿದಿದ್ದರು. ಇಂದು ಅನೇಕ ಮನೆಗಳಲ್ಲಿ ತೆಳಿ ದನದ ಹಟ್ಟಿಯ ಪಾಲು, ಕ್ರೀಡಾಪಟುವಿನ ಪಾಲಿಗೆ ಮಾತ್ರೆ. ಥಯಾಮಿನ್ ದೇಹದಲ್ಲಿ ಹೆಚ್ಚು ದಿನ ಉಳಿಯದ ವಿಟಮಿನ್ ಆದುದರಿಂದ ಅದು ದಿನದಿನದ ಊಟದಲ್ಲಿ ಇರಬೇಕು. ಪಂದ್ಯದ ಮುನ್ನಾದಿನ ನುಂಗಿ ಮುಗಿಸುವಂಥದ್ದಲ್ಲ.

ಪೊರೋಟವನ್ನು ತಿನ್ನಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಮೈದಾ, ಸಕ್ಕರೆ ಮತ್ತು ಸೋಡಾದಿಂದಲೇ ದಿನದ ಅರ್ಧ ಕ್ಯಾಲರಿಯನ್ನು ತುಂಬಿಸಿಕೊಂಡವನ ದೇಹಕ್ಕೆ ಕಟ್ಟಿಗೆ ಬರುತ್ತದೆ, ಊದುಕೊಳವೆ ಬರುವುದಿಲ್ಲ. ಅದರ ಬದಲಿಗೆ ಹೆಸರುಕಾಳು, ಕಡಲೆ, ಹುರುಳಿಗಳಲ್ಲಿ ಯಾವುದಾದರೊಂದು ದಿನವೂ ಬಟ್ಟಲಿಗೆ ಬಂದರೆ ಬಿ ಗುಂಪಿನ ಹೆಚ್ಚಿನ ವಿಟಮಿನ್‌ಗಳು ಪ್ರೋಟೀನಿನ ಜೊತೆಗೇ ಬರುತ್ತವೆ.

ಜಿಮ್ಮಿಗೆ ಹೋಗುವ ಯುವಕರಲ್ಲಿ ಎರಡು ಅಭ್ಯಾಸಗಳನ್ನು ಕಂಡು ನನಗೆ ಬಹಳ ಬೇಸರವಾಗಿದೆ. ಮೊದಲನೆಯದು ಹಸಿ ಮೊಟ್ಟೆಯನ್ನು ಒಡೆದು ಗ್ಲಾಸಿಗೆ ಹಾಕಿ ಕುಡಿಯುವುದು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಎಂಬ ವಿಟಮಿನನ್ನು ಕಟ್ಟಿಹಾಕಿ ಕರುಳಿನಲ್ಲಿ ಹೀರಿಕೆಯಾಗದಂತೆ ಮಾಡುತ್ತದೆ. ಬೇಯಿಸಿದರೆ ಅವಿಡಿನ್ ನಿಷ್ಕ್ರಿಯವಾಗುತ್ತದೆ. ಹಸಿ ಮೊಟ್ಟೆಯ ಪ್ರೋಟೀನು ಬೇಯಿಸಿದ ಮೊಟ್ಟೆಯದಕ್ಕಿಂತ ಬಹಳ ಕಡಿಮೆ ಜೀರ್ಣವಾಗುತ್ತದೆ ಎಂಬುದೂ ಪರೀಕ್ಷೆಗಳಿಂದ ಗೊತ್ತಾಗಿದೆ. ಎರಡನೆಯ ಅಭ್ಯಾಸ, ಬೇಯಿಸಿದ ಮೊಟ್ಟೆಯ ಹಳದಿಯನ್ನು ತೆಗೆದು ಎಸೆಯುವುದು. ಎ, ಡಿ, ಬಿ12, ಫೋಲೇಟ್ ಇವೆಲ್ಲ ಮುಖ್ಯವಾಗಿ ಇರುವುದು ಆ ಹಳದಿಯಲ್ಲೇ. ಅದನ್ನು ಎಸೆದು, ಅದೇ ವಿಟಮಿನ್‌ಗಳನ್ನು ಡಬ್ಬಿಯಲ್ಲಿ ಹಣ ಕೊಟ್ಟು ತರುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ.

ಮೀನು ತಿನ್ನುವ ಮನೆಗಳಿಗೆ ಈ ಕಡಲತೀರದಲ್ಲಿ ಬಿ12ರ ಕೊರತೆ ಬರಬೇಕಾದ ಕಾರಣ ಕಡಿಮೆ. ಬೂತಾಯಿ, ಬಂಗುಡೆ ಎಂದರೆ ಅಗ್ಗದ ಮೀನು ಎಂಬ ಅನಾದರ ಕೆಲವರಲ್ಲಿದೆ. ಆದರೆ ಎಣ್ಣೆಯಂಶವಿರುವ ಈ ಮೀನುಗಳಲ್ಲೇ ಡಿ ವಿಟಮಿನ್ ಚೆನ್ನಾಗಿ ಇರುವುದು, ಮತ್ತು 100 ಗ್ರಾಂ ಬಂಗುಡೆಯಲ್ಲಿ ಒಂದು ದಿನದ ಅಗತ್ಯಕ್ಕಿಂತ ಹೆಚ್ಚು ಬಿ12 ಇರುತ್ತದೆ. ಸಸ್ಯಾಹಾರಿ ಮನೆಗಳ ವಿಷಯ ಬೇರೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಬಿ12 ಸೊಪ್ಪು ಕಾಳುಗಳಲ್ಲಿ ಇಲ್ಲ. ಹಾಲು, ಮೊಸರುಗಳಲ್ಲಿ ಸ್ವಲ್ಪ ಮಟ್ಟಿಗೆ ಇದೆ. ನೀರು ಹೆಚ್ಚಿದ ಮಜ್ಜಿಗೆಯನ್ನೇ ನೆಚ್ಚಿದವರಿಗೆ ಅದು ಸಾಲದಿರಬಹುದು. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ನಡೆಸಿಕೊಡುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಕೈಕಾಲು ಜೋಮು ಹಿಡಿಯುವುದು, ಬೇಗ ಸುಸ್ತಾಗುವುದು ಕಾಣಿಸಿಕೊಳ್ಳುವಾಗ ತಡವಾಗಿರುತ್ತದೆ. ಅಂಥವರು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಲೇಬೇಕು. ನನ್ನ ವಿರೋಧ ಮಾತ್ರೆಯ ಮೇಲಲ್ಲ, ಕೊರತೆಯನ್ನು ತಿಳಿಯದೆ ನುಂಗುವುದರ ಮೇಲೆ.

ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಖೋಖೋ ಮತ್ತು ಓಟದ ತಂಡಗಳಲ್ಲಿದ್ದ ಎಷ್ಟೋ ಹುಡುಗಿಯರು ಎರಡನೆಯ ಸುತ್ತಿಗೇ ಏದುಸಿರು ಬಿಡುತ್ತಿದ್ದುದನ್ನು ನಾನು ಅಭ್ಯಾಸದ ಕೊರತೆ ಎಂದುಕೊಂಡು ಗದರಿದ್ದೇನೆ. ಅವರಲ್ಲಿ ಕೆಲವರಿಗೆ ಇದ್ದದ್ದು ರಕ್ತಹೀನತೆ ಎಂಬುದು ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು, ಮತ್ತು ಆ ಗದರಿಕೆಗಾಗಿ ನನಗೆ ಇಂದಿಗೂ ನೋವಿದೆ. ರಕ್ತಕ್ಕೆ ಕಬ್ಬಿಣ ಬೇಕು ಎಂದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಫೋಲೇಟ್ ಕೂಡ ಬೇಕು. ಲೂಸಿ ವಿಲ್ಸ್ ಎಂಬ ವೈದ್ಯೆ 1928ರಿಂದ ಮುಂಬಯಿಯಲ್ಲಿ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಂಡ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದರು. ಆ ಸಾರದಲ್ಲಿದ್ದ ವಸ್ತುವೇ ಫೋಲೇಟ್ ಎಂದು ಮುಂದೆ ತಿಳಿಯಿತು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಹಿಂದಿದ್ದವರು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೊಟ್ಟೆ ತೊಳಸುತ್ತದೆ ಎಂದು ಅದನ್ನು ಕಿಟಕಿಯಾಚೆ ಎಸೆಯುವ ಮಕ್ಕಳಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಬಳಿಕ ನುಂಗು ಎಂದು ಸಮಾಧಾನದಿಂದ ಹೇಳುವವರು ಬೇಕು. ಉಚಿತವಾಗಿ ಸಿಗುವ, ನಿಜವಾಗಿಯೂ ಬೇಕಾದ ಈ ಮಾತ್ರೆಯನ್ನು ಎಸೆದು, ಜಾಹೀರಾತಿನ ಮಾತ್ರೆಯನ್ನು ಸಾವಿರ ರೂಪಾಯಿ ಕೊಟ್ಟು ತರುವುದು ಯಾವ ನ್ಯಾಯ?

ಊಟದ ಜೊತೆಗೆ ಸಿ ವಿಟಮಿನ್ ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣ ಹೆಚ್ಚು ಚೆನ್ನಾಗಿ ಹೀರಿಕೆಯಾಗುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ನುಗ್ಗೆಸೊಪ್ಪಿನ ಅಥವಾ ಹರಿವೆಯ ಪಲ್ಯಕ್ಕೆ ಇಳಿಸಿದ ಮೇಲೆ ಲಿಂಬೆ ಹಿಂಡುವುದು, ಗಂಜಿಗೆ ಹಸಿ ನೆಲ್ಲಿಕಾಯಿಯ ತಂಬುಳಿ ಮಾಡುವುದು ಇಷ್ಟೇ ಇದರ ಉಪಾಯ. ಸಿ ವಿಟಮಿನ್ ಬಿಸಿಗೆ ಬೇಗ ಕೆಡುವುದರಿಂದ ನೆಲ್ಲಿಯನ್ನು ಹಸಿಯಾಗಿ ಅರೆದ ತಂಬುಳಿಗೆ ಬೇಯಿಸಿದ ಅಡುಗೆಗಿಲ್ಲದ ಗುಣವಿದೆ. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ವಿಟಮಿನ್ ಇದೆ, ಅಂದರೆ ಒಂದು ಹಣ್ಣು ಒಬ್ಬ ಆಟಗಾರನ ಇಡೀ ದಿನದ ಅಗತ್ಯಕ್ಕೆ ಸಾಕು. ಬೇಸಗೆಯಲ್ಲಿ ನಮ್ಮ ಗುಡ್ಡಗಳಲ್ಲಿ ಬೀಜ ಕಿತ್ತ ಮೇಲೆ ಕೊಳೆಯಲು ಬಿಡುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ವಿಟಮಿನ್ ಇದೆ. ನುಗ್ಗೆ, ಹರಿವೆ, ಪಪ್ಪಾಯಿಗಳಲ್ಲಿ ದೇಹ ಎ ವಿಟಮಿನ್ ಆಗಿ ಮಾರ್ಪಡಿಸಿಕೊಳ್ಳುವ ಕ್ಯಾರೋಟಿನ್ ಇದೆ. ಅದು ಒಳಗೆ ಸೇರಲು ಸ್ವಲ್ಪ ಕೊಬ್ಬು ಬೇಕು, ಆ ಕೆಲಸವನ್ನು ಪಲ್ಯದ ಒಗ್ಗರಣೆ ಮತ್ತು ತೆಂಗಿನತುರಿ ಮಾಡುತ್ತವೆ.

ಇನ್ನು ದೊಡ್ಡ ಪ್ರಮಾಣದಲ್ಲಿ ಸಿ ಮತ್ತು ಇ ವಿಟಮಿನ್ ಮಾತ್ರೆಗಳನ್ನು ನುಂಗುವ ಅಭ್ಯಾಸದ ಕುರಿತು. ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಹಾನಿಕಾರಕ ಆಮ್ಲಜನಕದ ಕಣಗಳು ಹುಟ್ಟುತ್ತವೆ, ಅವುಗಳನ್ನು ಆ್ಯಂಟಿಆಕ್ಸಿಡೆಂಟ್ ಮಾತ್ರೆ ಅಳಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ದೇಹವು ಇನ್ನಷ್ಟು ಬಲವಾಗಬೇಕು ಎಂಬ ಸೂಚನೆಯನ್ನು ಸ್ನಾಯುವಿಗೆ ಕೊಡುವುದರಲ್ಲಿ ಅದೇ ಕಣಗಳ ಪಾತ್ರವೂ ಇದೆ. ಜರ್ಮನಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರ ಪೈಕಿ ದಿನಕ್ಕೆ 1,000 ಮಿಲಿಗ್ರಾಂ ಸಿ ಮತ್ತು 400 ಯೂನಿಟ್ ಇ ವಿಟಮಿನ್ ತೆಗೆದುಕೊಂಡವರಿಗೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣದಲ್ಲಿ ವ್ಯಾಯಾಮದಿಂದ ಆಗಬೇಕಾದ ಸುಧಾರಣೆ ಆಗಲಿಲ್ಲ. ಮಾತ್ರೆ ಇಲ್ಲದವರಿಗೆ ಆಯಿತು. ನಾರ್ವೆಯಲ್ಲಿ 11 ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಎರಡೂ ಗುಂಪುಗಳ ಓಟದ ಸಾಮರ್ಥ್ಯ ಸಮಾನವಾಗಿ ಏರಿದರೂ ಸ್ನಾಯುಕೋಶದೊಳಗಿನ ಬೆಳವಣಿಗೆಯ ಕೆಲವು ಗುರುತುಗಳು ಮಾತ್ರೆ ನುಂಗಿದವರಲ್ಲಿ ಕುಂಠಿತವಾಗಿದ್ದವು. ಇನ್ನೊಂದು ಕಡೆಯ ಸತ್ಯವನ್ನೂ ಮುಚ್ಚಿಡಬಾರದು: ಮ್ಯಾರಥಾನ್ ಓಟಗಾರರು, ಸ್ಕೀ ಆಟಗಾರರು, ಕೊರೆವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು, ಹೀಗೆ ಕೆಲಕಾಲ ಅತಿ ತೀವ್ರ ಶ್ರಮಕ್ಕೆ ಒಳಗಾಗುವವರಲ್ಲಿ ಸಿ ವಿಟಮಿನ್ ನೆಗಡಿಯ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸಿದೆ. ಸಾಮಾನ್ಯ ಜನರಲ್ಲಿ ಆ ಪರಿಣಾಮ ಕಂಡಿಲ್ಲ. ನಮ್ಮ ವಾರಾಂತ್ಯದ ಪಂದ್ಯಾಟಕ್ಕೆ ಹೊಂದುವುದು ಯಾವುದು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ನೀರಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಅಪಾಯವೇನಿಲ್ಲ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಬಿ6ನ್ನು ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ನುಂಗಿದರೆ ನರಗಳಿಗೆ ಹಾನಿಯಾಗುತ್ತದೆ ಎಂಬುದು ಸಾಬೀತಾಗಿರುವುದರಿಂದ ಆ ಮಾತು ಪೂರ್ತಿ ನಿಜವಲ್ಲ. ಎ, ಡಿ, ಇ, ಕೆ ಎಂಬ ನಾಲ್ಕಂತೂ ಕೊಬ್ಬಿನಲ್ಲಿ ಕರಗುವಂಥವು. ಅದರಲ್ಲೂ ಎ ಮತ್ತು ಡಿ ದೇಹದಲ್ಲಿ ಸೇರಿಕೊಂಡರೆ ಬೇಗ ಹೋಗುವುದಿಲ್ಲ. ಇದನ್ನು ನಾನು ಮನೆಯಲ್ಲೇ ಕಂಡೆ. ನನ್ನ ಅಕ್ಕನ ಮೊಮ್ಮಗ ವಾಲಿಬಾಲ್ ಆಟಗಾರ. ಮೊಣಕಾಲು ನೋವಿಗೆ ವೈದ್ಯರ ಬಳಿಗೆ ಹೋದಾಗ ಡಿ ವಿಟಮಿನ್ ಕಡಿಮೆ ಇದೆ ಎಂದು 60,000 ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದುಕೊಟ್ಟರು. ಚೀಟಿಯಲ್ಲಿದ್ದದ್ದು ಇಂಗ್ಲಿಷ್, ಪೊಟ್ಟಣದ ಮೇಲಿದ್ದದ್ದೂ ಇಂಗ್ಲಿಷ್. ಔಷಧದ ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಹುಡುಗ ದಿನಕ್ಕೊಂದರಂತೆ ತೆಗೆದುಕೊಂಡ, ಮುಗಿದಾಗ ಮತ್ತೆ ತಂದ, ನೋವು ಕಡಿಮೆಯಾದಂತೆ ಕಂಡದ್ದರಿಂದ ಎರಡು ತಿಂಗಳ ಹತ್ತಿರ ಮುಂದುವರಿಸಿದ. ಒಂದು ಪೊಟ್ಟಣವೆಂದರೆ ದಿನಕ್ಕೆ 600 ಯೂನಿಟ್ ಲೆಕ್ಕದಲ್ಲಿ ನೂರು ದಿನಗಳ ಪಾಲು ಎಂಬುದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ವಾಂತಿ, ಮಲಬದ್ಧತೆ, ತಣಿಯದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರ. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ಮೀರಿ ಮೂತ್ರಪಿಂಡಕ್ಕೂ ತೊಂದರೆ ತಟ್ಟಿತ್ತು. ದಿನಗಟ್ಟಲೆ ಡ್ರಿಪ್ ಹಾಕಿ, ವಾರಗಟ್ಟಲೆ ಔಷಧ ಕೊಟ್ಟ ಮೇಲೆ ಚೇತರಿಸಿಕೊಂಡ. ಆ ವರ್ಷದ ಆಟ ಅವನಿಗೆ ತಪ್ಪಿತು. ಯಾರನ್ನೂ ದೂರುವ ಉದ್ದೇಶದಿಂದ ನಾನು ಇದನ್ನು ಬರೆಯುತ್ತಿಲ್ಲ. 'ವಾರಕ್ಕೊಮ್ಮೆ' ಎಂಬ ಒಂದು ಕನ್ನಡ ಪದ ಆ ಪೊಟ್ಟಣದ ಮೇಲೆ ಬರೆದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಅವನ ಕೊರತೆ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹಗಲು ತರಗತಿಯಲ್ಲಿ, ಸಂಜೆ ಒಳಾಂಗಣದಲ್ಲಿ, ರಾತ್ರಿ ಹೊನಲು ಬೆಳಕಿನಲ್ಲಿ ಕಳೆಯುವ ಇಂದಿನ ಆಟಗಾರನ ಮೈಗೆ ಬಿಸಿಲು ತಾಗುವುದೇ ಕಡಿಮೆ. ನಾವು ಆಡುತ್ತಿದ್ದ ಕಾಲದಲ್ಲಿ ಗದ್ದೆಯೇ ಅಂಗಣ. ಮಳೆಗಾಲದ ತಿಂಗಳುಗಳನ್ನು ಬಿಟ್ಟರೆ ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ವಾರದಲ್ಲಿ ಕೆಲವು ದಿನವಾದರೂ ಅಭ್ಯಾಸದ ಒಂದು ಪಾಲನ್ನು ಹಗಲಿನಲ್ಲಿ ತೆರೆದ ಬಯಲಿಗೆ ತರುವುದು ಸಾಧ್ಯವಿದೆ.

ಆಟದಲ್ಲಿ ಮೇಲೆ ಬರಬೇಕೆಂಬ ಮಕ್ಕಳ ಹೆತ್ತವರಿಗೆ ಇನ್ನೊಂದು ಎಚ್ಚರಿಕೆ. ಉದ್ದೀಪನ ಮದ್ದಿನ ನಿಯಮಗಳ ಪ್ರಕಾರ ಆಟಗಾರನ ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ. ತಿಳಿಯದೆ ನುಂಗಿದೆ ಎಂಬುದು ಅವನನ್ನು ಪಾರುಮಾಡುವುದಿಲ್ಲ. ಹೆಸರಿಗೆ ವಿಟಮಿನ್ ಎಂದಿದ್ದ ಡಬ್ಬಿಗಳಲ್ಲಿ ನಿಷೇಧಿತ ವಸ್ತು ಬೆರೆತಿದ್ದ ಪ್ರಕರಣಗಳು ಜಗತ್ತಿನಲ್ಲಿ ನಡೆದಿವೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇದೆಯೇ, ಪ್ರತಿ ವಿಟಮಿನ್ ಎಷ್ಟಿದೆ ಎಂದು ಬರೆದಿದೆಯೇ ಎಂಬುದನ್ನಾದರೂ ನೋಡಬೇಕು.

ಕೊನೆಗೆ ನನ್ನ ವಿನಂತಿಗಳು. ಕಾಸರಗೋಡು ಮತ್ತು ಮಂಜೇಶ್ವರ ಕಡೆಯ ಕುಟುಂಬ ಆರೋಗ್ಯ ಕೇಂದ್ರಗಳು ಪೋಷಣೆಯ ಕುರಿತ ಕರಪತ್ರಗಳನ್ನು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಹಂಚಬೇಕು. ಔಷಧದ ಅಂಗಡಿಯವರು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕೊಳ್ಳುವವರ ಭಾಷೆಯಲ್ಲಿ ಬರೆದುಕೊಡಬೇಕು. ಶಾಲಾ ತಂಡಕ್ಕೆ ಆಯ್ಕೆಯಾದ ಹುಡುಗಿಯರಿಗೆ ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್ ಪರೀಕ್ಷೆ ನಡೆಯಬೇಕು. ದೈಹಿಕ ಶಿಕ್ಷಣ ಶಿಕ್ಷಕರಾದ ನನ್ನ ಕಿರಿಯ ಮಿತ್ರರು ಅಭ್ಯಾಸಕ್ಕೆ ಮುನ್ನ ಬೆಳಗ್ಗೆ ಏನು ತಿಂದೆ ಎಂದು ಪ್ರತಿ ಮಗುವನ್ನೂ ಕೇಳಲಿ. ನಾನು ಆ ಪ್ರಶ್ನೆಯನ್ನು ಕೇಳಲು ಆರಂಭಿಸಿದ್ದು ಸೇವೆಯ ಕೊನೆಯ ಕೆಲವು ವರ್ಷಗಳಲ್ಲಿ ಮಾತ್ರ. ತಮ್ಮ ಪತ್ರಿಕೆಯೂ ಕ್ರೀಡಾಪುಟದಲ್ಲಿ ವಾರಕ್ಕೊಮ್ಮೆ ನಮ್ಮ ಸೀಮೆಯ ಊಟದ ಕುರಿತು ಬಲ್ಲವರಿಂದ ಬರೆಸಿದರೆ ದೊಡ್ಡ ಉಪಕಾರವಾಗುತ್ತದೆ.

ಪಂದ್ಯಾಟ ನಡೆಸುವ ಕ್ಲಬ್ಬುಗಳಲ್ಲಿ ಬೇಡಿಕೊಳ್ಳುವುದು ಇಷ್ಟೇ: ಡಬ್ಬಿಗೆ ಹಾಕುವ ಹಣದಲ್ಲಿ ಗೆದ್ದವರಿಗೂ ಸೋತವರಿಗೂ ಆ ರಾತ್ರಿ ಅಂಗಣದ ಬದಿಯಲ್ಲೇ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮೀನು ತಿನ್ನುವವರಿಗೆ ಬಂಗುಡೆ, ತಿನ್ನದವರಿಗೆ ಗಟ್ಟಿ ಮೊಸರು, ಆಮೇಲೆ ಒಂದೊಂದು ಪೇರಳೆ ಕೊಡಿ. ನಮ್ಮ ಊರಿನ ಕ್ಲಬ್ಬಿನವರಿಗೆ ಇದನ್ನು ಹೇಳಿದಾಗ ಮುಂದಿನ ಪಂದ್ಯಾಟಕ್ಕೆ ಮಾಡಿ ನೋಡೋಣ ಮಾಷ್ಟ್ರೇ ಎಂದಿದ್ದಾರೆ. ಅಂದಿನ ಅಕ್ಕಿ ಮತ್ತು ಹೆಸರುಕಾಳನ್ನು ನನ್ನ ಮನೆಯಿಂದಲೇ ಕಳುಹಿಸುವುದೆಂದು ಒಪ್ಪಿಕೊಂಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ